ಹುಲಿಗೆ ಕೀ ಕೊಡೋದು ಎಲ್ಲಿ?

ಶನಿವಾರ, 4 ಮೇ 2024, ರಾತ್ರಿ

"ದೊಡ್ಡಪ್ಪಾ, ಹುಲಿಗೆ ಕೀ ಕೊಡೋದು ಎಲ್ಲಿ?"

ಸಂಜೆ ಫೋನಿನಲ್ಲಿ ಪುಟ್ಟಿ ಕೇಳಿದ್ದು ಇಷ್ಟೇ. ರಜೆಯಲ್ಲಿ ರಟ್ಟು ಕತ್ತರಿಸಿ ಟಿಪ್ಪುವಿನ ಹುಲಿ ಮಾಡುತ್ತಿದ್ದಾಳೆ, ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದ, ಸಿಪಾಯಿಯ ಮೇಲೆರಗಿ ದನಿ ಮಾಡುವ ಮರದ ಹುಲಿ. ಎಲ್ಲೋ 'ಕೀಲಿ ಕೊಟ್ಟರೆ ಗರ್ಜಿಸುವ ಗೊಂಬೆ' ಅಂತ ಓದಿದ್ದಾಳಂತೆ. ಕೀ ಇಲ್ಲ ಕಣೇ, ತಿರುಗಿಸೋ ಹಿಡಿಕೆ ಇದೆ, ಸ್ಪ್ರಿಂಗು ಗಿಂಗು ಏನಿಲ್ಲ ಅಂದೆ.

"ಮತ್ತೆ ಹೇಗೆ ಕೂಗುತ್ತೆ?"

"ತಿದಿ ಇದೆ ಒಳಗೆ."

"ತಿದಿ ಅಂದ್ರೆ?"

ಹಾರ್ಮೋನಿಯಂ ನುಡಿಸುವಾಗ ಹಿಂದೆ ಎಡಗೈಯಲ್ಲಿ ಒತ್ತುತ್ತಾರಲ್ಲ, ಅದು ಅಂದೆ. ಅರ್ಥವಾಯಿತು. ಊಟಕ್ಕೆ ಕರೆದರು, ಫೋನ್ ಇಟ್ಟಳು.

ಇವತ್ತು ಮೇ 4. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಬೆಳಗಿನಿಂದ ಕಣ್ಣಿಗೆ ಬಿದ್ದದ್ದೆಲ್ಲ ಅದೇ ಮುತ್ತಿಗೆ, ಅದೇ ವಾದ. ಹುಲಿಯ ಮಾತು ಬಂದರೂ ಅದು ಯಾರ ಮೇಲೆ ಕೂತಿದೆ, ಯಾಕೆ ಕೂತಿದೆ ಅನ್ನುವಲ್ಲಿಗೆ ಮುಗಿಯುತ್ತದೆ. ಅದು ಉಸಿರಾಡುವುದು ಹೇಗೆ ಅಂತ ಕೇಳಿದವಳು ಈ ಹುಡುಗಿ ಒಬ್ಬಳೇ. ಅರಮನೆಯಲ್ಲಿ ಅದು ಸಿಕ್ಕಿದ್ದು ಸಂಗೀತದ ವಾದ್ಯಗಳಿಟ್ಟ ಕೋಣೆಯಲ್ಲಿ. ಬೊಂಬೆ ಅನ್ನುವುದಕ್ಕಿಂತ ಅದನ್ನು ಗಾಳಿವಾದ್ಯ ಅನ್ನಬೇಕು.

ಬಣ್ಣ ಹಚ್ಚಿದ ಮರದ ಹುಲಿ, ಉದ್ದ ಸುಮಾರು ಒಂದೂಮುಕ್ಕಾಲು ಮೀಟರ್, ಎತ್ತರ 71 ಸೆಂಟಿಮೀಟರ್. ಕೆಳಗೆ ಅಂಗಾತ ಬಿದ್ದ ಯೂರೋಪಿನ ಸಿಪಾಯಿಗೆ ಕೆಂಪು ಕೋಟು, ಕಪ್ಪು ಟೋಪಿ. ಹುಲಿಯ ಬೆನ್ನಿನ ಭಾಗ ಮುಚ್ಚಳದ ಹಾಗೆ; ನಾಲ್ಕು ತಿರುಪು ಬಿಚ್ಚಿದರೆ ಎತ್ತಿ ಪಕ್ಕಕ್ಕಿಡಬಹುದು. ರಿಪೇರಿಗೆಂದೇ ಯೋಚಿಸಿ ಮಾಡಿದ ಏರ್ಪಾಡು. ತಿದಿ ಇಟ್ಟವನಿಗೆ ಅದು ಒಂದು ದಿನ ಕೆಟ್ಟೇ ಕೆಡುತ್ತದೆ ಅಂತ ಗೊತ್ತಿರುತ್ತದೆ.

ಹಿಡಿಕೆ ಹುಲಿಯ ಹೆಗಲ ಹತ್ತಿರ. ತಿರುಗಿಸಿದರೆ ಎರಡು ಬೇರೆ ಬೇರೆ ದನಿ ಏಳುತ್ತವೆ. ಒಂದು ಮನುಷ್ಯನದು: ಅವನ ಎದೆಯೊಳಗಿನ ತಿದಿ ಗಂಟಲಿನ ಕೊಳವೆಗೆ ಗಾಳಿ ನೂಕುತ್ತದೆ, ಕೊಳವೆ ಬಾಯಿಗೆ ತೆರೆದುಕೊಂಡಿದೆ, ನರಳಾಟ ಕೇಳುತ್ತದೆ. ಅದೇ ಹಿಡಿಕೆಯಿಂದ ಹೊರಟ ಇನ್ನೊಂದು ಕೊಂಡಿ ಅವನ ಎಡಗೈಯನ್ನು ಬಾಯಿಯ ಕಡೆಗೆ ಎತ್ತಿ ಇಳಿಸುತ್ತದೆ. ನೋಡುವವರು ಕೈ ಒದ್ದಾಡುತ್ತಿದೆ ಅಂದುಕೊಳ್ಳುತ್ತಾರೆ. ಆದರೆ ಆ ಕೈಗೆ ಇನ್ನೊಂದು ಕೆಲಸವಿದೆ. ಅದು ಏರಿಳಿದ ಹಾಗೆಲ್ಲ ನರಳಾಟದ ಶ್ರುತಿ ಬದಲಾಗುತ್ತದೆ. ತೆರೆದ ಕೊಳವೆಯ ಬಾಯಿಗೆ ಏನಾದರೂ ಅಡ್ಡ ಬಂದರೆ ಸ್ವರ ತಗ್ಗುತ್ತದೆ, ಸರಿದರೆ ಏರುತ್ತದೆ. ಶ್ರುತಿ ಬದಲಾಗದೆ ಒಂದೇ ಸಮನೆ ಊದಿದ್ದರೆ ಅದು ರೈಲಿನ ಸೀಟಿಯಂತಿರುತ್ತಿತ್ತು. ಏರಿ ಇಳಿಯುವುದರಿಂದಲೇ ಅದು ಮನುಷ್ಯನ ದನಿ ಅನಿಸುವುದು. ಒಂದೇ ಕೈಯಿಂದ ಕಣ್ಣಿಗೂ ಕಿವಿಗೂ ಕೆಲಸ ಮಾಡಿಸಿದವನ ತಲೆಗೆ ಎಷ್ಟು ಸಲ ನಮಸ್ಕಾರ ಹೇಳಿದರೂ ಸಾಲದು.

ಹುಲಿಯದು ಗರ್ಜನೆಯಲ್ಲ. ತಲೆಯೊಳಗೆ ಒಂದೇ ಕೊಳವೆ, ಅದಕ್ಕೆ ಎರಡು ಸ್ವರ. ನಿಯಮಿತವಾಗಿ ಹೂಂಕರಿಸುತ್ತದೆ, ಅಷ್ಟೇ. ಧ್ವನಿಮುದ್ರಿಕೆ ಕೇಳಿದವರಿಗೆ ಮೊದಲು ನಿರಾಸೆಯಾಗಬಹುದು. ಎರಡನೇ ಸಲ ಕೇಳಬೇಕು, ನರಳಾಟ ಮತ್ತು ಹೂಂಕಾರ ಒಂದರ ಮೇಲೊಂದು ಬರುವುದನ್ನು ಗಮನಿಸುತ್ತ.

ಮೂರನೆಯ ದನಿಯನ್ನು ಬಹಳ ಜನ ಮರೆತೇಬಿಡುತ್ತಾರೆ. ಹುಲಿಯ ಪಕ್ಕೆಯಲ್ಲಿ ಒಂದು ಬಾಗಿಲು. ತೆರೆದರೆ 18 ದಂತದ ಗುಂಡಿಗಳ ಪುಟ್ಟ ಆರ್ಗನ್, ಎರಡು ಸಾಲು ಕೊಳವೆ, ಅದಕ್ಕೆ ಬೇರೆಯೇ ತಿದಿ. ನಮ್ಮ ಹಾರ್ಮೋನಿಯಂ ಹಾಗಲ್ಲ ಇದು. ಹಾರ್ಮೋನಿಯಂನಲ್ಲಿ ಅದುರುವುದು ಹಿತ್ತಾಳೆಯ ರೀಡು, ಅಂದರೆ ತೆಳು ಪಟ್ಟಿ. ಇಲ್ಲಿ ಕೊಳಲಿನಂತೆ ಗಾಳಿಯೇ ಅಂಚಿಗೆ ಬಡಿದು ನುಡಿಯುತ್ತದೆ. ಗುಂಡಿಗಳ ಆಕಾರ ನೋಡಿ, ಇದನ್ನು ಬೆರಳತುದಿಯಿಂದ ಒತ್ತುವುದಕ್ಕಿಂತ ಬೆರಳ ಗೆಣ್ಣುಗಳನ್ನು ಮೇಲೆ ಕೆಳಗೆ ಓಡಿಸಿ ನುಡಿಸುವುದೇ ಸುಲಭ ಅಂತ ಆರ್ಗನ್ ಬಲ್ಲವರು ಹೇಳಿದ್ದುಂಟು. ಹೊರಗಿನ ಕೆತ್ತನೆ, ಪಟ್ಟೆ ಎಲ್ಲ ಈ ನೆಲದ ಕೈಗಳದ್ದು. ಒಳಗಿನ ಕೊಳವೆ ಕೆಲಸದಲ್ಲಿ ಯೂರೋಪಿನ ಕಸುಬು, ಬಹುಶಃ ಫ್ರೆಂಚರದು, ಕಾಣುತ್ತದೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತಾಗ ಕೇಳಿದ್ದರಲ್ಲಿ ಕುಶಲಕರ್ಮಿಗಳೂ ಇದ್ದರು.

ಇನ್ನು ಮನ್ರೋ ಕಥೆ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಬ್ರಿಟಿಷ್ ಜನರಲ್ ಹೆಕ್ಟರ್ ಮನ್ರೋನ ಮಗನನ್ನು ಹುಲಿ ಹೊತ್ತೊಯ್ದಿತು. ಆ ಸುದ್ದಿ ಕೇಳಿಯೇ ಟಿಪ್ಪು ಇದನ್ನು ಮಾಡಿಸಿದ ಅಂತ ಹೇಳುತ್ತಲೇ ಬಂದಿದ್ದಾರೆ. ಸುದ್ದಿ ಇಂಗ್ಲೆಂಡಿನಲ್ಲಿ ಎಷ್ಟು ಹಬ್ಬಿತೆಂದರೆ ಸ್ಟಾಫರ್ಡ್‌ಶೈರಿನ ಕುಂಬಾರರು 'ಮನ್ರೋ ಸಾವು' ಅಂತ ಪಿಂಗಾಣಿ ಬೊಂಬೆ ಮಾಡಿ ಮಾರಿದರು. ಆದರೆ ಟಿಪ್ಪುವಿಗಾಗಿ ಮಾಡಿದ 1787-88ರ ಒಂದು ಕೋವಿಯ ಬೆಳ್ಳಿ ಪಟ್ಟಿಯ ಮೇಲೂ ಇದೇ ಹುಲಿ, ಕೆಳಗೆ ಇದೇ ಸಿಪಾಯಿ. ಹುಡುಗ ಸಾಯುವುದಕ್ಕೆ ನಾಲ್ಕೈದು ವರ್ಷ ಮೊದಲೇ ಈ ಚಿತ್ರ ಇತ್ತು. ಇದನ್ನು ಹೇಳಿದರೆ ಜನಕ್ಕೆ ರುಚಿಸುವುದಿಲ್ಲ.

ಅದು ಮೌನವಾದದ್ದು ಹೇಗೆ ಅನ್ನುವುದು ನನಗೆ ಇದಕ್ಕಿಂತ ನೋವಿನ ವಿಷಯ. 1808ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿಕೆ ತಿರುಗಿಸಬಹುದಿತ್ತು. ಅಲ್ಲೇ ಓದಲು ಕೂತವರಿಗೆ ದಿನವಿಡೀ ನರಳಾಟ. ಅವರ ಗೊಣಗಾಟ ಪತ್ರಿಕೆಯವರೆಗೂ ಹೋಯಿತು. ತಿದಿಯ ಚರ್ಮ ಒಣಗಿದರೆ ಮೊದಲು ಬಿರಿಯುವುದು ಮಡಿಕೆಯಲ್ಲಿ, ಯಾಕೆಂದರೆ ಪ್ರತಿ ಸಲ ಬಾಗುವುದು ಅಲ್ಲೇ. ಗಾಳಿ ಸೋರಿದರೆ ಕೊಳವೆಗೆ ಒತ್ತಡ ಸಾಲದೆ ಬರೀ 'ಉಸ್' ಅನ್ನುತ್ತದೆ. ಅದಕ್ಕೆ ಜನ ಇನ್ನೂ ಜೋರಾಗಿ ತಿರುಗಿಸುತ್ತಾರೆ, ಬಿರುಕು ಇನ್ನೂ ಬಾಯಿ ಬಿಡುತ್ತದೆ. ಗಟ್ಟಿ ಇರುವ ತಿದಿಯನ್ನು ಹಾಗೆ ತಿರುಗಿಸಿದರೂ ಕೆಡುಕೇ: ಒತ್ತಡ ಮೀರಿ ಸ್ವರ ಮೇಲಕ್ಕೆ ಹಾರಿ ನರಳಾಟ ಕಿರುಚಲಾಗುತ್ತದೆ. 1843ರ ಹೊತ್ತಿಗೇ ಯಂತ್ರ ಕೆಡುತ್ತಾ ಬಂದಿತ್ತು. 1869ರ ಹೊತ್ತಿಗೆ ಹಿಡಿಕೆಯೇ ಕಾಣೆಯಾಗಿತ್ತು, ಓದುಗರಿಗೆ ನೆಮ್ಮದಿ.

1880ಕ್ಕೆ ಸೌತ್ ಕೆನ್ಸಿಂಗ್ಟನ್ ಸೇರಿತು, ಇವತ್ತಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಎರಡನೇ ಮಹಾಯುದ್ಧದ ಬಾಂಬಿಗೆ ಚಾವಣಿ ಅದರ ಮೇಲೆ ಕುಸಿದು ನೂರಾರು ಚೂರು. ಚೂರು ಚೂರೇ ಜೋಡಿಸಿ 1947ಕ್ಕೆ ಮತ್ತೆ ಪ್ರದರ್ಶನಕ್ಕಿಟ್ಟರು. ಈಗ ಗಾಜಿನೊಳಗಿದೆ. ಬಂದವರ ಕೈಗೆ ಕೊಡುವುದಿಲ್ಲ, ಕೊಡಲೂ ಬಾರದು. ಆದರೂ ಹತ್ತಿರ ನಿಂತವರಿಗೆ ಅದರ ದನಿ ಕೇಳದು ಅನ್ನುವುದು ಹೊಟ್ಟೆ ಉರಿಸುತ್ತದೆ.

ಪುಟ್ಟಿ ಬಲೂನು ಕಟ್ಟುತ್ತೇನೆ ಅಂದಿದ್ದಳು. ಬೇಡ ಅನ್ನಬೇಕು; ಬಲೂನಿನ ಒತ್ತಡ ನಮ್ಮ ಕೈಯಲ್ಲಿರುವುದಿಲ್ಲ, ಒಮ್ಮೆ ಬಿಟ್ಟರೆ ತನ್ನಷ್ಟಕ್ಕೆ ಖಾಲಿಯಾಗುತ್ತದೆ. ಎರಡು ರಟ್ಟಿನ ನಡುವೆ ದಪ್ಪ ಪ್ಲಾಸ್ಟಿಕ್ ಮಡಿಸಿ ಅಂಟಿಸಿ, ಗಾಳಿ ಒಳಗೆ ಬರುವ ತೂತಿಗೆ ಒಳಮುಖದಲ್ಲಿ ಸಣ್ಣ ಚರ್ಮದ ತುಂಡನ್ನು ಒಂದೇ ಬದಿಗೆ ಅಂಟಿಸಿದರೆ ಸಾಕು. ತಿದಿ ತೆರೆದಾಗ ಅದು ತಾನೇ ಏಳುತ್ತದೆ, ಒತ್ತಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಕೈಯ ಗುಟ್ಟು ತೋರಿಸಲು ಕೊಳಲು ಇದ್ದೇ ಇದೆ. ಎಲ್ಲ ತೂತು ಮುಚ್ಚಿ ಊದುವಾಗ ತುದಿಗೆ ನಿಧಾನವಾಗಿ ಅಂಗೈ ತಂದರೆ ಸ್ವರ ಜಾರುವುದು ಅವಳಿಗೇ ಕೇಳಿಸುತ್ತದೆ. ಆದರೆ ಹುಲಿಯ ತಲೆಗೆ ಒಂದೇ ಕೊಳವೆಯಲ್ಲಿ ಎರಡು ಸ್ವರ ಬೇಕಲ್ಲ, ಅದನ್ನು ರಟ್ಟಿನಲ್ಲಿ