ಒಂದು ಮೇಜು, ಒಂದು ಬೀಗದ ಕೈ: ಎರಡು ನಿಮಿಷದ ದೃಶ್ಯದ ಮೇಲೆ ನಡೆದ ಅಭ್ಯಾಸದ ದಾಖಲೆ

ಅಭ್ಯಾಸಕ್ಕೆ ಆರಿಸಿಕೊಂಡ ದೃಶ್ಯ ಚಿಕ್ಕದು. ಒಂದು ಕೋಣೆ, ಕಿಟಕಿ ಪಕ್ಕ ಒಂದು ಮೇಜು, ಎದುರುಬದುರು ಕೂತ ಅಕ್ಕ ತಂಗಿ. ತಂಗಿ ಮನೆಯ ಬೀಗದ ಕೈಯನ್ನು ಮೇಜಿನ ಮೇಲೆ ಇಡುತ್ತಾಳೆ, ಅಕ್ಕ ಅದನ್ನು ಮುಟ್ಟದೆ ಎದ್ದು ಹೊರಗೆ ಹೋಗುತ್ತಾಳೆ. ಒಂಬತ್ತು ಸಾಲು ಮಾತು, ಪರದೆಯ ಮೇಲೆ ಸುಮಾರು ಎರಡು ನಿಮಿಷ. ಇದನ್ನೇ ಎರಡು ಸಲ ಚಿತ್ರೀಕರಿಸುವುದು, ನಡುವೆ ಒಮ್ಮೆ ಪೂರ್ತಿ ಎಡಿಟ್ ಮಾಡುವುದು ಎಂದು ಯೋಜನೆ. ಕ್ಯಾಮೆರಾ ಹಿಡಿದವರೇ ಎಡಿಟಿಂಗ್‌ಗೂ ಕೂರಬೇಕು ಎನ್ನುವುದು ಒಂದೇ ಷರತ್ತು. ಟೈಮ್‌ಲೈನ್‌ನಲ್ಲಿ (ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಶಾಟುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಯಾವ ಶಾಟ್ ಇಲ್ಲದೆ ಕೈ ಕಟ್ಟಿಹೋಗುತ್ತದೆ ಎಂದು ಒಮ್ಮೆ ಅನುಭವಕ್ಕೆ ಬಂದರೆ, ಮುಂದಿನ ಸಲ ಕ್ಯಾಮೆರಾ ಎಲ್ಲಿಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಚಿತ್ರೀಕರಣಕ್ಕೆ ಮುಂಚೆ

ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ 1/50, ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು. ಶಟರ್ ವೇಗ ಫ್ರೇಮ್ ರೇಟಿನ ಎರಡರಷ್ಟಿದ್ದರೆ ಕೈ ಬೀಸಿದಾಗ ಬರುವ ಮಸುಕು ಸಹಜವಾಗಿ ಕಾಣುತ್ತದೆ. 1/200ಕ್ಕೆ ಏರಿಸಿದರೆ ಚಲನೆ ತುಂಡು ತುಂಡಾಗುತ್ತದೆ. 24 ಬಿಟ್ಟು 25 ಹಿಡಿದದ್ದು, ಎಲ್ಲಾದರೂ ದೀಪ ಹಾಕಬೇಕಾಗಿ ಬಂದರೆ ಇರಲಿ ಎಂದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಬೀಳುವುದರಿಂದ ಬೆಳಕು ಅಲುಗುವುದಿಲ್ಲ. 60 ಹರ್ಟ್ಸ್ ಇರುವ ಕಡೆ ಶಟರ್ 1/60 ಇರಬೇಕು.

ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಿಕೆ) 5600 ಕೆಲ್ವಿನ್‌ಗೆ ಲಾಕ್, ಕೋಣೆಯ ಹಳದಿ ಬಲ್ಬು ಆರಿಸಿ ಕಿಟಕಿ ಬೆಳಕು ಮಾತ್ರ. ಆಟೋದಲ್ಲಿ ಬಿಟ್ಟರೆ ನಟಿ ಮುಂದೆ ಬಾಗಿದ ಕೂಡಲೇ ಬಣ್ಣ ತಿರುಗುತ್ತದೆ. ಶಾಟಿನ ನಡುವೆ ತಿರುಗಿದ ಬಣ್ಣವನ್ನು ಗ್ರೇಡಿಂಗ್‌ನಲ್ಲಿ (ಬಣ್ಣ ತಿದ್ದುವ ಹಂತ) ಸರಿಪಡಿಸುವುದು ಎಂದರೆ ಕೀಫ್ರೇಮ್ (ಬದಲಾವಣೆಯ ಗುರುತು) ಹಾಕುತ್ತ ಸಂಜೆ ಕಳೆಯುವುದು.

ಕೊನೆಯ ಶಾಟ್ ಹೊರಗಿನ ಬಿಸಿಲಿನಲ್ಲಿದೆ. ನೆತ್ತಿ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಶಟರ್ 1/100, ಅಪರ್ಚರ್ (ಲೆನ್ಸಿನ ಕಂಡಿ) ಎಫ್ 16 ಎನ್ನುವುದು ಹಳೆಯ ಲೆಕ್ಕ. ನಮಗೆ ಬೇಕಾದದ್ದು 1/50, ಎಫ್ 4. ಶಟರಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು), ಅಪರ್ಚರಿನಿಂದ ನಾಲ್ಕು, ಒಟ್ಟು ಐದು ಸ್ಟಾಪ್ ಬೆಳಕು ಹೆಚ್ಚು. ಅಂದರೆ ಬೆಳಕನ್ನು 32ರಲ್ಲಿ ಒಂದು ಭಾಗಕ್ಕೆ ಇಳಿಸುವ ಎನ್‌ಡಿ 32 ಫಿಲ್ಟರ್. ತಿರುಗಿಸುವ ಎನ್‌ಡಿಯನ್ನು ವೈಡ್ ಲೆನ್ಸಿನ ಮೇಲೆ ಕೊನೆಯವರೆಗೂ ತಿರುಗಿಸಿದರೆ ಆಕಾಶದಲ್ಲಿ ಕತ್ತರಿಯಾಕಾರದ ಕಪ್ಪು ನೆರಳು ಮೂಡುತ್ತದೆ, ಆದ್ದರಿಂದ ಒಂದೇ ಸಾಂದ್ರತೆಯ ಫಿಲ್ಟರ್ ಒಳ್ಳೆಯದು.

ಮೊದಲ ಸುತ್ತು

ತೆಗೆದದ್ದು ಇಷ್ಟು: ಇಬ್ಬರೂ ಕಾಣುವ ವೈಡ್ ಮಾಸ್ಟರ್, ಒಬ್ಬೊಬ್ಬರ ಹೆಗಲ ಮೇಲಿಂದ ಒಂದೊಂದು, ಇಬ್ಬರಿಗೂ ಕ್ಲೋಸಪ್, ಬೀಗದ ಕೈಯದೊಂದು ಇನ್ಸರ್ಟ್ (ಅದನ್ನಷ್ಟೇ ಹತ್ತಿರದಿಂದ ತೋರಿಸುವ ಶಾಟ್), ಬಾಗಿಲಾಚೆಯ ಕೊನೆಯ ಶಾಟ್. ಸೆಟ್ಟಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು.

ತಪ್ಪುಗಳಲ್ಲಿ ಮೊದಲನೆಯದು ರೇಖೆ ದಾಟಿದ್ದು. ಇಬ್ಬರ ಮೂಗಿನಿಂದ ಮೂಗಿಗೆ ಒಂದು ಗೆರೆ ಎಳೆದರೆ ಕ್ಯಾಮೆರಾ ಅದರ ಒಂದೇ ಬದಿಯ 180 ಡಿಗ್ರಿಯೊಳಗೆ ಇರಬೇಕು. ಅಕ್ಕನ ಕ್ಲೋಸಪ್ಪಿಗೆ ಕಿಟಕಿಯ ಹಿನ್ನೆಲೆ ಚಂದ ಎಂದು ಕ್ಯಾಮೆರಾ ಆಚೆ ಬದಿಗೆ ಹೋಯಿತು. ಟೈಮ್‌ಲೈನ್‌ನಲ್ಲಿ ತಂಗಿಯೂ ಬಲಕ್ಕೆ ನೋಡುತ್ತಾಳೆ, ಅಕ್ಕನೂ ಬಲಕ್ಕೇ ನೋಡುತ್ತಾಳೆ. ಇಬ್ಬರೂ ಸೇರಿ ಮೂರನೆಯವರ ಜೊತೆ ಮಾತಾಡಿದ ಹಾಗೆ. ಚಿತ್ರವನ್ನು ಅಡ್ಡಕ್ಕೆ ಫ್ಲಿಪ್ ಮಾಡಿದರೆ ನೋಟ ಸರಿಹೋಗುತ್ತದೆ, ಆದರೆ ಬೈತಲೆ, ಮೂಗುತಿ, ಕೈಗಡಿಯಾರ ಎಲ್ಲವೂ ಬದಿ ಬದಲಿಸುತ್ತವೆ.

ಎರಡನೆಯದು ಫೋಕಸ್. ಎಪಿಎಸ್-ಸಿ ಗಾತ್ರದ ಸೆನ್ಸರ್, 50 ಮಿಮೀ ಲೆನ್ಸ್, ಮುಖ ಒಂದೂವರೆ ಮೀಟರ್ ದೂರ. ಎಫ್ 1.8ರಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 6 ಸೆಂಮೀ. ಮಾತಿನ ಭರದಲ್ಲಿ ನಟಿ ಅರ್ಧ ಗೇಣು ಮುಂದೆ ಬಂದರೆ ಕಣ್ಣು ಮಸುಕು, ಕಿವಿಯೋಲೆ ಸ್ಪಷ್ಟ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಇದು ಕಾಣುವುದೇ ಇಲ್ಲ. ಎಫ್ 4ಕ್ಕೆ ಇಳಿಸಿದರೆ ಆಳ 14 ಸೆಂಮೀ ಹತ್ತಿರ ಬರುತ್ತದೆ. ಅದಕ್ಕೆ ತೆರುವ ಬೆಲೆ ಐಎಸ್‌ಒ 400ರಿಂದ 2000. ಸ್ವಲ್ಪ ಗ್ರೇನ್ ಬಂದರೂ ಪರವಾಗಿಲ್ಲ, ಫೋಕಸ್ ಹೋದ ಕಣ್ಣನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹೆಚ್ಚು ಕಾಡಿದ್ದು: 'ಕಟ್' ಎಂದ ಕ್ಷಣವೇ ರೆಕಾರ್ಡಿಂಗ್ ನಿಂತಿದೆ. ಮಾತು ಮುಗಿದ ಮೇಲೆ ಮುಖದಲ್ಲಿ ಉಳಿಯುವ ಆ ಮೂರ್ನಾಲ್ಕು ಸೆಕೆಂಡು ಯಾವ ಟೇಕಿನಲ್ಲೂ ಇಲ್ಲ.

ಫುಟೇಜ್ ಇಳಿಸುವುದು

ಸೆಕೆಂಡಿಗೆ 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್. ಕಾರ್ಡಿನ ಫೋಲ್ಡರನ್ನು ಇಡಿಯಾಗಿ ಎರಡು ಬೇರೆ ಡ್ರೈವಿಗೆ ನಕಲಿಸಿ, ಎರಡರಲ್ಲೂ ಕ್ಲಿಪ್ ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್.

ಕ್ಯಾಮೆರಾದ ಎಚ್.264 (ಗಾತ್ರ ಕುಗ್ಗಿಸಿದ ವಿಡಿಯೊ ಮಾದರಿ) ಫೈಲಿನಲ್ಲಿ ಬಹುಪಾಲು ಫ್ರೇಮುಗಳು ಅಕ್ಕಪಕ್ಕದ ಫ್ರೇಮಿನಿಂದ ಏನು ಬದಲಾಯಿತು ಎಂಬುದನ್ನಷ್ಟೇ ಇಟ್ಟುಕೊಂಡಿರುತ್ತವೆ. ಒಂದು ಫ್ರೇಮ್ ಹಿಂದೆ ಹೋಗಬೇಕೆಂದರೂ ಕಂಪ್ಯೂಟರ್ ಹಲವು ಫ್ರೇಮುಗಳನ್ನು ಬಿಡಿಸಿ ಕಟ್ಟಬೇಕು. ಅದಕ್ಕೇ ಪ್ಲೇಬ್ಯಾಕ್ ಮುಗ್ಗರಿಸುವುದು. 720ರ ಪ್ರೋರೆಸ್ ಪ್ರಾಕ್ಸಿ (ಎಡಿಟಿಂಗ್‌ಗೆಂದು ಮಾಡಿಕೊಳ್ಳುವ ಹಗುರವಾದ ನಕಲು) ಮಾಡಿಕೊಂಡ ಮೇಲೆ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಫ್ರೇಮ್ ಫ್ರೇಮ್ ನಡೆಯಲು ಬರುತ್ತದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್ ಬಳಸುವವರು ಪ್ರಾಜೆಕ್ಟಿನ ಫ್ರೇಮ್ ರೇಟನ್ನು ಕ್ಲಿಪ್ ತರುವ ಮುಂಚೆಯೇ 25 ಎಂದು ಹಾಕಿಟ್ಟುಕೊಳ್ಳಬೇಕು, ಆಮೇಲೆ ಅದು ಬದಲಾಗುವುದಿಲ್ಲ.

ಎರಡನೇ ಕ್ಯಾಮೆರಾ ಆಗಿದ್ದ ಫೋನಿನ ಕ್ಲಿಪ್ಪುಗಳು ಶುರುವಿನಲ್ಲಿ ಧ್ವನಿಗೆ ಹೊಂದಿ, ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ. ಫೋನಿನ ಕ್ಯಾಮೆರಾ ಬೆಳಕು ನೋಡಿಕೊಂಡು ಫ್ರೇಮ್ ರೇಟನ್ನು ತಾನೇ ಏರಿಳಿಸುತ್ತದೆ. ಎಫ್‌ಎಫ್‌ಎಂಪೆಗ್ ಅಥವಾ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ಸಾಫ್ಟ್‌ವೇರಿನಲ್ಲಿ ಸ್ಥಿರ 25 ಫ್ರೇಮಿಗೆ ಪರಿವರ್ತಿಸಿದ ಮೇಲೆ ಸರಿಹೋಯಿತು.

ಮೊದಲ ಎಡಿಟ್

ಎಲ್ಲವನ್ನೂ ಸಾಲಾಗಿ ಜೋಡಿಸಿದಾಗ 3 ನಿಮಿಷ 40 ಸೆಕೆಂಡು. ಅದನ್ನೇ ಮತ್ತೊಮ್ಮೆ ಕತ್ತರಿಸಿದಾಗ 2:25, ಒಟ್ಟು 31 ಕಟ್.

ಹೆಚ್ಚು ಹೊತ್ತು ಹಿಡಿದದ್ದು ಒಂದೇ ಕಟ್: ವೈಡ್‌ನಲ್ಲಿ ತಂಗಿಯ ಕೈ ಏಳುತ್ತದೆ, ಇನ್ಸರ್ಟಿನಲ್ಲಿ ಬೀಗದ ಕೈ ಮೇಜಿಗೆ ತಾಗುತ್ತದೆ. ವೈಡ್‌ನಲ್ಲಿ ಮಡಿಲಿನಿಂದ ಮೇಜಿನವರೆಗಿನ ಕೈಯ ಪಯಣ 22 ಫ್ರೇಮ್. ಕೈ ಅಲುಗುವ ಮೊದಲ ಫ್ರೇಮಿನಲ್ಲೇ ಕತ್ತರಿಸಿದರೆ 'ಈಗ ಏನೋ ತೋರಿಸುತ್ತಾರೆ' ಎಂದು ನೋಡುಗರಿಗೆ ಮುಂಚೆಯೇ ಸುಳಿವು ಸಿಗುತ್ತದೆ. ಕೈ ನಿಂತ ಮೇಲೆ ಕತ್ತರಿಸಿದರೆ ಚಲನೆ ಒಮ್ಮೆ ಸತ್ತು ಮತ್ತೆ ಹುಟ್ಟುತ್ತದೆ. 8ನೇ ಫ್ರೇಮಿನಲ್ಲಿ, ಅಂದರೆ ಚಲನೆಯ ಮೂರನೇ ಒಂದು ಭಾಗ ಕಳೆದಾಗ, ಕಟ್ ಕಣ್ಣಿಗೆ ಬೀಳದೆ ಹೋಯಿತು. ಆ ಹೊತ್ತಿಗೆ ಕಣ್ಣು ಕೈಯ ಬೆನ್ನು ಹತ್ತಿರುತ್ತದೆ, ಚೌಕಟ್ಟು ಬದಲಾದದ್ದನ್ನು ಗಮನಿಸುವ ಪುರುಸೊತ್ತು ಅದಕ್ಕಿಲ್ಲ.

ಆದರೆ ಇನ್ಸರ್ಟಿನಲ್ಲಿ ನಟಿ ಅದೇ ಕೆಲಸವನ್ನು 31 ಫ್ರೇಮ್ ತೆಗೆದುಕೊಂಡು ಮಾಡಿದ್ದಾಳೆ. ಹತ್ತಿರದ ಶಾಟ್ ಎಂದರೆ ಎಲ್ಲರೂ ನಿಧಾನವಾಗುತ್ತಾರೆ. ಹಾಗಾಗಿ ಫ್ರೇಮ್ ಸಂಖ್ಯೆ ಹೊಂದಿಸಿ ಪ್ರಯೋಜನವಿಲ್ಲ, ಕೈ ಇರುವ ಜಾಗ ಹೊಂದಿಸಬೇಕು. ಗುರುತಿಗೆ ಹಿಡಿದದ್ದು ಮಣಿಕಟ್ಟು ಮೇಜಿನ ಅಂಚು ದಾಟುವ ಕ್ಷಣ. ಅದು ಎರಡೂ ಶಾಟಿನಲ್ಲಿ ಕಾಣುತ್ತದೆ. ಕರಾರುವಾಕ್ಕಾಗಿ ಹೊಂದಿಸಿದಾಗ ಕೈ ಮುಂದಕ್ಕೆ ಜಿಗಿದಂತೆ ಅನ್ನಿಸಿತು. ಇನ್ಸರ್ಟನ್ನು ಎರಡು ಫ್ರೇಮ್ ಹಿಂದಿನಿಂದ ಶುರು ಮಾಡಿ, ಅಷ್ಟು ಚಲನೆ ಎರಡು ಸಲ ಬಂದಾಗ ನಯವಾಯಿತು. ಹೊಸ ಚಿತ್ರಕ್ಕೆ ಕಣ್ಣು ಹೊಂದಿಕೊಳ್ಳಲು ಹಿಡಿಯುವ ಕಾಲ ಆ ಎರಡು ಫ್ರೇಮಿನಲ್ಲಿ ಕರಗಿಹೋಗುತ್ತದೆ. ಎರಡು ಫ್ರೇಮ್ ಎಂದರೆ 80 ಮಿಲಿಸೆಕೆಂಡು!

ಮಾತುಕತೆಯ ಭಾಗದಲ್ಲಿ ಯಾರು ಮಾತಾಡುತ್ತಾರೋ ಅವರ ಮುಖ ಎಂದು ಕತ್ತರಿಸುತ್ತ ಹೋದದ್ದು ಟೆನಿಸ್ ಪಂದ್ಯದಂತಾಯಿತು. ಚಿತ್ರವನ್ನೂ ಧ್ವನಿಯನ್ನೂ ಒಂದೇ ಜಾಗದಲ್ಲಿ ಕತ್ತರಿಸಿದ್ದೇ ಇದಕ್ಕೆ ಕಾರಣ. ತಂಗಿಯ "ಇನ್ನು ಇದು ನಿನ್ನ ಹತ್ರಾನೇ ಇರಲಿ, ಅಕ್ಕ" ಎಂಬ ಮಾತಿನಲ್ಲಿ 'ಇರಲಿ' ಬರುವ ಮುಂಚೆಯೇ ಚಿತ್ರವನ್ನು ಅಕ್ಕನ ಮುಖಕ್ಕೆ ಒಯ್ದರೆ (ಇದು ಎಲ್ ಕಟ್) ದೃಶ್ಯದ ತೂಕ ಇರಬೇಕಾದ ಕಡೆ ಬಂದು ಕೂರುತ್ತದೆ. ಬೇರೆ ಸಾಲುಗಳಲ್ಲಿ 10ರಿಂದ 15 ಫ್ರೇಮ್ ಮುಂಚೆ ಧ್ವನಿ ತಂದು ಆಮೇಲೆ ಮುಖ ತೋರಿಸುವ ಜೆ ಕಟ್ ಸಾಕಾಯಿತು.

ಅಕ್ಕನ ಮುಖದ ಟೇಕುಗಳಲ್ಲಿ ಅತ್ತು ಅಭಿನಯಿಸಿದ್ದು ಬಿದ್ದುಹೋಯಿತು, ಸುಮ್ಮನೆ ಕೆಳಗೆ ನೋಡಿದ್ದು ಉಳಿಯಿತು. ಚಿತ್ರ ನಿರ್ದೇಶಕ ಲೆವ್ ಕುಲೆಶೊವ್ ಸೋವಿಯತ್ ರಷ್ಯಾದಲ್ಲಿ ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ಶಾಟಿನ ಪಕ್ಕದಲ್ಲಿಟ್ಟು ತೋರಿಸಿದ್ದು ಇದನ್ನೇ. ಬೀಗದ ಕೈಯ ಇನ್ಸರ್ಟ್ ಮುಂಚೆ ಬಂದರೆ ಆ ಸುಮ್ಮನಿರುವ ಮುಖದಲ್ಲಿ ನೋವು ಕಾಣುತ್ತದೆ. ಬಾಗಿಲಿನ ಶಾಟ್ ಮುಂಚೆ ಬಂದರೆ ಅದೇ ಮುಖ ಸಿಟ್ಟಾಗಿ ಕಾಣುತ್ತದೆ. ಎರಡನ್ನೂ ಜೋಡಿಸಿ ನೋಡುವುದು ಪ್ರತಿ ವಿದ್ಯಾರ್ಥಿಯೂ ಮಾಡಲೇಬೇಕಾದ ಅಭ್ಯಾಸ.

ಮಾತುಗಳ ನಡುವೆ ಧ್ವನಿ ಪೂರ್ತಿ ಸತ್ತುಹೋದ ಜಾಗಗಳು ಕಿವಿಗೆ ಹಳ್ಳದಂತೆ ಸಿಕ್ಕವು. ಕೋಣೆಯ ನಿಶ್ಶಬ್ದವನ್ನು, ಅಂದರೆ ರೂಮ್ ಟೋನ್ ಅನ್ನು, ರೆಕಾರ್ಡ್ ಮಾಡಿರಲಿಲ್ಲ. ಎರಡು ಸೆಕೆಂಡಿನ ತುಣುಕನ್ನು ಸುತ್ತಿಸಿ ತುಂಬಿಸಿದರೆ ಅದು ಉಸಿರಾಡಿದ ಹಾಗೆ ಮರುಕಳಿಸುತ್ತದೆ.

ಎರಡನೇ ಸುತ್ತು

ಈ ಸಲ ಶಾಟ್ ಪಟ್ಟಿ ಬಂದದ್ದು ಟೈಮ್‌ಲೈನಿನ ಖಾಲಿ ಜಾಗಗಳಿಂದ. ನೆಲದ ಮೇಲೆ ಟೇಪಿನಿಂದ ರೇಖೆ ಎಳೆದಾಯಿತು, ಟ್ರೈಪಾಡಿನ ಮೂರು ಕಾಲೂ ಅದರ ಈಚೆಯೇ. ಒಬ್ಬರದ್ದೇ ಮಿಡ್ ಶಾಟಿನಿಂದ ಕ್ಲೋಸಪ್ಪಿಗೆ ಹೋಗುವಾಗ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿಯಬೇಕು, ಇಲ್ಲದಿದ್ದರೆ ಚಿತ್ರ ಬೆಚ್ಚಿಬಿದ್ದಂತೆ ಜಿಗಿಯುತ್ತದೆ.

ಕಂಟಿನ್ಯೂಟಿ (ಶಾಟಿನಿಂದ ಶಾಟಿಗೆ ಎಲ್ಲವೂ ಹೊಂದುವಂತೆ ಇಡುವ ಟಿಪ್ಪಣಿ) ಬರೆಯುವವರು ಪದಕ್ಕೆ ಕ್ರಿಯೆಯನ್ನು ಕಟ್ಟಿ ಬರೆದರು: 'ಇನ್ನು' ಎಂದಾಗ ಬಲಗೈ ಏಳುವುದು, 'ಇರಲಿ' ಎಂದಾಗ ಲೋಹ ಮರಕ್ಕೆ ತಾಗುವುದು, ಉಂಗುರದ ಬದಿ ಅಕ್ಕನ ಕಡೆಗೆ. ಪ್ರತಿ ಟೇಕಿಗೂ ಮೊದಲು ಐದು ಸೆಕೆಂಡು, ಆಮೇಲೆ ಐದು ಸೆಕೆಂಡು ಕ್ಯಾಮೆರಾ ಓಡುತ್ತಲೇ ಇತ್ತು. ಅಕ್ಕ ಬಾಗಿಲಿಗೆ ನಡೆಯುವ ಪ್ಯಾನ್‌ಗೆ (ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುತ್ತ ತೆಗೆಯುವ ಶಾಟ್) ಲೆನ್ಸಿನ ಸ್ಟೆಬಿಲೈಸರ್ ಆಫ್. ಟ್ರೈಪಾಡಿನ ಮೇಲೆ ಅದು ಆನ್ ಇದ್ದರೆ ಪ್ಯಾನ್ ನಿಂತ ಮೇಲೂ ಚಿತ್ರ ಒಂದಿಷ್ಟು ತೇಲುತ್ತದೆ. ಒಂದು ವಸ್ತು ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು ಏಳು ಸೆಕೆಂಡು ತೆಗೆದುಕೊಂಡರೆ ಹಿನ್ನೆಲೆ ನಡುಗುವುದಿಲ್ಲ. ನಟಿಯ ಹಿಂದೆ ಹೋಗುವ ಪ್ಯಾನ್ ಇದಕ್ಕಿಂತ ಬೇಗ ಆಗಬಹುದು, ಕಣ್ಣು ಅವಳ ಮೇಲಿರುತ್ತದೆ.

ಧ್ವನಿ 48 ಕಿಲೋಹರ್ಟ್ಸ್, 24 ಬಿಟ್, ಮಾತಿನ ಶಿಖರ ಮೈನಸ್ 12 ಡೆಸಿಬಲ್ ಆಸುಪಾಸು. ಕೊನೆಗೆ ಎಲ್ಲರೂ ಕೂತಲ್ಲೇ ಕೂತು 60 ಸೆಕೆಂಡು ರೂಮ್ ಟೋನ್.

ಈಗ ಎಲ್ಲಿದೆ

ಎರಡನೇ ಎಡಿಟ್ 1:52ಕ್ಕೆ ನಿಂತಿದೆ, ಕಟ್ 17. ಮೊದಲ ಸುತ್ತಿನ ಲಾಗ್ ಪ್ರೊಫೈಲ್ (ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಸಪ್ಪೆಯಾಗಿ ಹಿಡಿಯುವ ಬಗೆ) ಕೈಬಿಟ್ಟಿದ್ದರಿಂದ ಬಣ್ಣದ ಕೆಲಸ ಹಗುರಾಗಿದೆ. 8 ಬಿಟ್ ಫೈಲಿನಲ್ಲಿ ಕಡಿಮೆ ಬೆಳಕಿನ ಲಾಗ್ ಚಿತ್ರವನ್ನು ಎಳೆದು ಹಿಗ್ಗಿಸಿದಾಗ ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬಣ್ಣ ಒಡೆದಿತ್ತು. ಈಗ ವೇವ್‌ಫಾರ್ಮ್ (ಚಿತ್ರದ ಬೆಳಕಿನ ಮಟ್ಟ ತೋರಿಸುವ ನಕ್ಷೆ) ನೋಡಿಕೊಂಡು ಮೊದಲು ಎಲ್ಲ ಶಾಟಿನ ಬೆಳಕು, ಆಮೇಲೆ ಬಿಳುಪು ಹೊಂದಿಸಿಯಾಗಿದೆ. ಲುಕ್, ಅಂದರೆ ಇಡೀ ದೃಶ್ಯದ ಬಣ್ಣದ ಛಾಯೆ, ಇನ್ನೂ ಮುಟ್ಟಿಲ್ಲ.

ಉಳಿದಿರುವುದು: ಬೀಗದ ಕೈ ಮೇಜಿಗೆ ತಾಗುವ ಸದ್ದು ವೈಡ್‌ನಲ್ಲಿ ತೆಳುವಾಗಿದೆ, ಅದನ್ನು ಅದೇ ಮೇಜಿನ ಮೇಲೆ ಹತ್ತಿರದ ಮೈಕಿನಲ್ಲಿ ಮತ್ತೆ ಹಿಡಿಯಬೇಕು. ಮಿಕ್ಸ್ ಪ್ರಸಾರದ ಮಟ್ಟವಾದ ಮೈನಸ್ 23 ಲಫ್ಸ್‌ಗೆ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಒಂದು, ಅಂತರ್ಜಾಲಕ್ಕೆ ಮೈನಸ್ 14ರ ಹತ್ತಿರ ಇನ್ನೊಂದು. ಮತ್ತೆ 14ನೇ ಕಟ್: ಅಕ್ಕ ಏಳುವ ಮುಂಚಿನ ಮೌನ ಈಗ 38 ಫ್ರೇಮ್ ಇದೆ, 50ಕ್ಕೆ ಎಳೆದು ದೊಡ್ಡ ಪರದೆಯಲ್ಲಿ ನೋಡಬೇಕು.