ಮೆಸ್ ಅಪ್: ಎಲ್ಲಿ ಹೇಳಬೇಕು, ಎಲ್ಲಿ ಬೇಡ

ಮಂಡ್ಯದ ಆಲೆಮನೆಯಲ್ಲಿ ಬೆಲ್ಲದ ಪಾಕ ತುಸು ಜಾಸ್ತಿ ಕಾದು ಸೀದರೆ 'ಹದ ಕೆಡಿಸಿಬಿಟ್ಟ' ಅಂತೀವಲ್ಲ, ಇಂಗ್ಲಿಷಿನ 'ಮೆಸ್ ಅಪ್' ಹೆಚ್ಚುಕಡಿಮೆ ಅದೇ. ಕರ್ಮಪದ ಇಲ್ಲದೆಯೂ ನಡೆಯುತ್ತೆ: 'ಐ ಮೆಸ್ಡ್ ಅಪ್' ಅಂದರೆ ಎಡವಟ್ಟು ಮಾಡಿಬಿಟ್ಟೆ.

ಎಡವುವುದು 'ಇಟ್' ಬಂದಾಗ. 'ಮೆಸ್ಡ್ ಅಪ್ ದ ಆರ್ಡರ್', 'ಮೆಸ್ಡ್ ದ ಆರ್ಡರ್ ಅಪ್' ಎರಡೂ ಸರಿ. ಸರ್ವನಾಮವಾದರೆ ನಡುವೆಯೇ ಕೂರಬೇಕು: 'ಮೆಸ್ಡ್ ಇಟ್ ಅಪ್'. 'ಮೆಸ್ಡ್ ಅಪ್ ಇಟ್' ಖಂಡಿತ ತಪ್ಪು. ನಮ್ಮ ಕ್ರಿಯಾಪದ ಹೀಗೆ ಎರಡಾಗಿ ಸೀಳುವುದಿಲ್ಲ, ಅದಕ್ಕೇ ನಾವು ಎರಡನ್ನೂ ಅಂಟಿಸಿಯೇ ಹೇಳಿಬಿಡುತ್ತೇವೆ.

ಸಮಾನಾರ್ಥಕಗಳಲ್ಲಿ 'ಬಾಚ್' ಅಂದರೆ ಒರಟಾಗಿ ಮಾಡಿ ಕೆಲಸ ಕೆಡಿಸುವುದು. 'ಬ್ಲೋ' ಅಂದರೆ ಕೈಗೆ ಬಂದ ಅವಕಾಶ ಕಳೆದುಕೊಳ್ಳುವುದು; ಇಂಟರ್‌ವ್ಯೂ ಹಾಳಾದರೆ 'ಐ ಬ್ಲೂ ಇಟ್' ಚೆನ್ನಾಗಿ ಒಪ್ಪುತ್ತೆ. 'ರೂಯಿನ್' ಇವೆಲ್ಲಕ್ಕಿಂತ ಭಾರ, ಸರಿಪಡಿಸಲಾಗದ ಹಾನಿಗೆ ಇಟ್ಟುಕೊಳ್ಳಿ.

ಗೆಳೆಯರ ವಾಟ್ಸಾಪ್‌ಗೆ 'ಮೆಸ್ಡ್ ಅಪ್' ಸಾಕು. ಮೈಸೂರಿನ ಕಂಪನಿಯಿಂದ ಗ್ರಾಹಕರಿಗೆ ಮೇಲ್ ಹೋಗುವಾಗ 'ವಿ ಮೇಡ್ ಆ್ಯನ್ ಎರರ್' ಅಂತಲೇ ಬರೆಯಿರಿ.

'ಮೆಸ್ ವಿತ್' ಬೇರೆಯೇ: ಕೆಣಕುವುದು, ಬೇಡದ್ದಕ್ಕೆ ಕೈಹಾಕುವುದು.