12 ಔನ್ಸ್ ಸಾಲಲ್ವಾ ಸಾರ್?

ದಾವಣಗೆರೆಯಲ್ಲಿ ಸಂಜೆ ಹೊತ್ತು ಬಾಕ್ಸಿಂಗ್ ಕಲಿಸುವ ಕಡೆ ಓಡಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹುಡುಗರು ಮೊಬೈಲಿನಲ್ಲಿ ಬಾಕ್ಸಿಂಗ್ ಗ್ಲೌಸಿನದೊಂದು ಫೋಟೊ ಹಿಡಿದುಕೊಂಡು ಬರುತ್ತಾರೆ. "ಸಾರ್, ಇದು 12 ಔನ್ಸ್. ಬ್ಯಾಗಿಗೂ ಆಗ್ತೈತೆ, ಸ್ಪಾರಿಂಗಿಗೂ ಆಗ್ತೈತೆ ಅಂತ ಬರ್ದಾರೆ. ತಗಳ್ಲಾ?" ಅಪ್ಪಂದಿರು ಬಂದರೂ ಕೇಳುವುದು ಅದನ್ನೇ: "ಎರಡೆರಡು ಜೊತೆ ಯಾತಕ್ಕೆ ಸಾರ್, ಒಂದ್ರಾಗೇ ಮುಗಿಯಲ್ವಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗ ಬ್ಯಾಗಿಗೆ, ಅಂದರೆ ನೇತುಹಾಕಿ ಗುದ್ದುವ ಚೀಲಕ್ಕೆ, ಒಂದು ಜೊತೆ 12 ಔನ್ಸ್ ತಗೊಳ್ಳಿ. ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ನಿಂತು ಆಡುವ ತಾಲೀಮು, ಅದರ ಗ್ಲೌಸ್ ಸದ್ಯಕ್ಕೆ ಬೇಡ. ಕಲಿಸುವವರು "ನಾಳೆಯಿಂದ ರಿಂಗಿಗೆ ಇಳಿ" ಅಂದಾಗ 16 ಔನ್ಸಿನದು ಕೊಳ್ಳಿ, ಅದರಿಂದ ಬ್ಯಾಗಿಗೆ ಒಂದು ಏಟನ್ನೂ ಹೊಡೆಯಬೇಡಿ. ಬ್ಯಾಗಿನ ಗ್ಲೌಸ್ ಇರುವುದು ನಿಮ್ಮ ಕೈ ಉಳಿಸಲು, ಸ್ಪಾರಿಂಗ್ ಗ್ಲೌಸ್ ಇರುವುದು ಎದುರು ನಿಂತವನ ಮುಖ ಉಳಿಸಲು. ದುಡ್ಡು ನಿಮ್ಮದು, ಲಾಭ ಅವನದು. ಒಪ್ಪಿಸುವುದು ಕಷ್ಟವಾಗುವುದೂ ಅದಕ್ಕೇ.

ಔನ್ಸ್ ಅನ್ನುವುದು ತೂಕ, ಚಪ್ಪಲಿ ನಂಬರಿನ ಹಾಗೆ ಅಳತೆಯಲ್ಲ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. ಲೆಕ್ಕ ಹಾಕಿದರೆ 12 ಔನ್ಸಿನದು 340 ಗ್ರಾಂ, 16 ಔನ್ಸಿನದು 454 ಗ್ರಾಂ, ಅದೂ ಒಂದೊಂದು ಕೈಯದು. ಹಾಗಾಗಿ "ನನ್ನ ಕೈ ಸಣ್ಣದು, 10 ಸಾಕು" ಅನ್ನುವ ವಾದ ನಿಲ್ಲುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಗ್ಲೌಸ್ ಮೇಲೆ 16 ಅಂತ ಅಚ್ಚಾಗಿದ್ದರೂ ನಂಬಬೇಡಿ. ಮನೆ ಹತ್ತಿರದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟು ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಹತ್ತಿಪ್ಪತ್ತು ಗ್ರಾಂ ಆಚೀಚೆ ಇದ್ದರೆ ಚಿಂತೆಯಿಲ್ಲ. ನೂರು ಗ್ರಾಂ ಕಡಿಮೆ ಬಂದರೆ ವಾಪಸ್ ಕಳಿಸಿ. ತೂಕ ಸರಿ ಬಂದರೂ ಅದು ಕೂತಿರುವುದೆಲ್ಲಿ ಅಂತ ನೋಡಬೇಕು. ಕೆಲವರು ಮಣಿಕಟ್ಟಿನ ಪಟ್ಟಿಯನ್ನೇ ದಪ್ಪ ಮಾಡಿ ತೂಕ ತುಂಬಿಸಿ, ಗೆಣ್ಣಿನ ಮೇಲೆ ತೆಳ್ಳಗೆ ಬಿಟ್ಟಿರುತ್ತಾರೆ.

ಇನ್ನು ಒಂದೇ ಜೊತೆ ಯಾಕೆ ಸಾಲದು ಅನ್ನುವುದು. ನಮ್ಮೂರ ಕಡೆ ನೇತುಹಾಕುವ ಬ್ಯಾಗಿನೊಳಗೆ ಇರುವುದು ಹೆಚ್ಚಾಗಿ ಬಟ್ಟೆ ಚಿಂದಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನಲ್ಲಿ ಚಿಂದಿಗೇನು ಬರ? ಟೈಲರ್ ಅಂಗಡಿಯಲ್ಲಿ ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ. ಆದರೆ ಹೊಡೆದಂತೆಲ್ಲ ಆ ಚಿಂದಿ ಕೆಳಗೆ ಇಳಿದು ಒತ್ತಿಕೊಳ್ಳುತ್ತದೆ. ಮೇಲ್ಭಾಗ ಮೆತ್ತಗೆ, ಕೆಳಭಾಗ ಕಲ್ಲು. 16 ಔನ್ಸಿನದರಿಂದಲೇ ಅದಕ್ಕೆ ದಿನಾ ನೂರಾರು ಏಟು ಬಿದ್ದರೆ ಗ್ಲೌಸಿನ ಫೋಮ್ ಗೆಣ್ಣಿರುವ ಜಾಗದಲ್ಲಿ, ವರ್ಷಗಟ್ಟಲೆ ಮಲಗಿದ ಹಾಸಿಗೆಯ ನಡುವಿನಂತೆ, ಒಳಕ್ಕೆ ಕೂತುಬಿಡುತ್ತದೆ. ತಕ್ಕಡಿಗೆ ಹಾಕಿದರೆ ಆಗಲೂ 454 ಗ್ರಾಮೇ ತೋರಿಸುತ್ತದೆ, ಹೊರಗಿನ ರೆಕ್ಸಿನ್ ಹೊಳೆಯುತ್ತಲೇ ಇರುತ್ತದೆ. ಒಳಗೆ ಮಾತ್ರ ಏನೂ ಉಳಿದಿರುವುದಿಲ್ಲ. ಹಾಕಿಕೊಂಡವನಿಗೆ ಇದು ಬೇಗ ಗೊತ್ತಾಗುವುದೂ ಇಲ್ಲ, ಏಟು ತಿಂದವನಿಗೆ ಗೊತ್ತಾಗುತ್ತದೆ.

ಉಲ್ಟಾ ದಾರಿ ಪರವಾಗಿಲ್ಲ. ಹಳೆಯದಾದ ಸ್ಪಾರಿಂಗ್ ಗ್ಲೌಸ್ ಬ್ಯಾಗಿಗೆ ಇಳಿಯಬಹುದು, ಕೈ ನೋಯದಿರುವವರೆಗೆ.

"ಪಂದ್ಯದಾಗೆ 10 ಔನ್ಸ್ ಹಾಕ್ತಾರಲ್ಲ ಸಾರ್?" ಹೌದು. ಅಮೆಚೂರ್ ಪಂದ್ಯಗಳಲ್ಲಿ ತೂಕದ ವರ್ಗ ನೋಡಿ 10 ಅಥವಾ 12, ವೃತ್ತಿಪರರಲ್ಲಿ ಸಾಮಾನ್ಯವಾಗಿ 8 ಅಥವಾ 10. ಆದರೆ ಅಲ್ಲಿ ರೆಫರಿ ಇರುತ್ತಾರೆ, ರಿಂಗ್ ಪಕ್ಕದಲ್ಲಿ ಡಾಕ್ಟರ್ ಕೂತಿರುತ್ತಾರೆ, ವರ್ಷಕ್ಕೆ ಬೆರಳೆಣಿಕೆಯ ಪಂದ್ಯಗಳು. ನೀವು ವಾರಕ್ಕೆ ಎರಡು ಮೂರು ಸಲ ಅದೇ ನಾಲ್ಕು ಜನ ಗೆಳೆಯರ ಜೊತೆ ಆಡುವವರು. ಅವರಿಗೂ ಬೆಳಗ್ಗೆ ಕಾಲೇಜು, ಅಂಗಡಿ, ಕೆಲಸ ಇದೆ. ಐವತ್ತೈದು ಅರವತ್ತು ಕೆಜಿಯೊಳಗಿನವರು ಅಷ್ಟೇ ತೂಕದವರ ಜೊತೆ ಆಡುವಾಗ 14 ಔನ್ಸ್ ನಡೆಯುತ್ತದೆ. ಅದಕ್ಕಿಂತ ಮೇಲಿನವರಿಗೆ 16. ತೊಂಬತ್ತು ದಾಟಿದ ಧಡೂತಿ ಆಳಾದರೆ 18 ಸಿಕ್ಕರೆ ಒಳ್ಳೆಯದು. ಇದು ನಿಯಮ ಪುಸ್ತಕದ ಮಾತಲ್ಲ, ತಾಲೀಮು ಕೊಡುವವರಲ್ಲಿ ನಡೆದು ಬಂದ ಪದ್ಧತಿ.

ಹಾಗಂತ 16 ಔನ್ಸ್ ಹಾಕಿಕೊಂಡ ಮೇಲೆ ಬೇಕಾದಷ್ಟು ಜೋರಾಗಿ ಹೊಡೆಯಬಹುದು ಅಂತಲ್ಲ. ದಪ್ಪ ಗ್ಲೌಸ್ ಏಟನ್ನು ಅಗಲಕ್ಕೆ ಹರಡುತ್ತದೆ, ಹುಬ್ಬು ಒಡೆಯುವುದು, ತುಟಿ ಸೀಳುವುದು ಕಡಿಮೆಯಾಗುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ಯಾವ ಗ್ಲೌಸೂ ನಿಲ್ಲಿಸುವುದಿಲ್ಲ. ತಲೆಗೆ ಹಾಕುವ ಮೆತ್ತೆಯ ಕವಚ, ಹೆಡ್‌ಗಾರ್ಡಿನ ಕಥೆಯೂ ಅಷ್ಟೇ. 2013ರಲ್ಲಿ ಅಮೆಚೂರ್ ಬಾಕ್ಸಿಂಗಿನ ವಯಸ್ಕ ಪುರುಷರ ಪಂದ್ಯಗಳಿಂದ ಅದನ್ನು ತೆಗೆದೇಬಿಟ್ಟರು, 2016ರ ರಿಯೊ ಒಲಿಂಪಿಕ್ಸಿನಲ್ಲಿ ಗಂಡಸರು ಬರೀ ತಲೆಯಲ್ಲೇ ಆಡಿದರು. ಗಾಯ ತಡೆಯಲು ತಾಲೀಮಿನಲ್ಲಿ ಅದು ಇರಲಿ, ಮಿದುಳಿನ ಕಾವಲು ಅಂದುಕೊಂಡು ತಲೆ ಒಡ್ಡಬೇಡಿ. ವಾರಕ್ಕೆ ಮೂರು ದಿನ ಪೂರಾ ಜೋರಿನಲ್ಲಿ ಬಡಿದಾಡಿಸುವ ಜಾಗವಾದರೆ, ಗ್ಲೌಸ್ ಬದಲಿಸುವುದಕ್ಕಿಂತ ಮೊದಲು ಜಾಗ ಬದಲಿಸಿ.

ಗರಡಿಯಿಂದ ಬರುವ ಹುಡುಗರ ಪ್ರಶ್ನೆ ಬೇರೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿಕೊಂಡು ಬೆಳೆದವರು, ಹಿಡಿತ ಗೊತ್ತು, ಈಗ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಆಸೆ. ಟಿವಿಯಲ್ಲಿ ಕಂಡ, ಬೆರಳು ಹೊರಗಿರುವ 4 ಔನ್ಸಿನ ಗ್ಲೌಸನ್ನೇ ಮೊದಲು ಕೊಳ್ಳುತ್ತಾರೆ. ಅದು ಪಂದ್ಯದ್ದು. ತಾಲೀಮಿಗೆ ಗೆಣ್ಣಿನ ಮೇಲೆ ದಪ್ಪವಿರುವ 7 ಔನ್ಸಿನವು ಸಿಗುತ್ತವೆ, ಹಿಡಿಯಲೂ ಬರುತ್ತದೆ, ಹಗುರವಾಗಿ ಹೊಡೆಯಲೂ ಬರುತ್ತದೆ. ಬರೀ ಪಂಚ್ ಆಡುವ ದಿನ ಅವರೂ 16 ಔನ್ಸಿನ ಬಾಕ್ಸಿಂಗ್ ಗ್ಲೌಸ್ ಹಾಕಲಿ. ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುಯ್ ಥಾಯ್ ಗ್ಲೌಸಿನಲ್ಲಿ ಅಂಗೈ ಸ್ವಲ್ಪ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಎದುರಾಳಿಯ ಕತ್ತು ಹಿಡಿಯಲಿ ಅಂತ. ಒದೆ, ಮೊಣಕಾಲು ಎಲ್ಲ ಇರುವ ಕಡೆ ಅದೇ ವಾಸಿ.

ಕೊಳ್ಳುವಾಗ ಬರಿಗೈ ತೂರಿಸಿ ನೋಡಿದರೆ ಉಪಯೋಗವಿಲ್ಲ. ಬ್ಯಾಂಡೇಜ್, ಅಂದರೆ ಗ್ಲೌಸಿನೊಳಗೆ ಕೈಗೆ ಸುತ್ತುವ ಉದ್ದ ಬಟ್ಟೆಪಟ್ಟಿ, ಸುತ್ತಿಕೊಂಡೇ ಹಾಕಿ. ಬ್ಯಾಂಡೇಜ್ ನಾಲ್ಕೂವರೆ ಮೀಟರಿನದಿರಲಿ, ಮೂರು ಮೀಟರಿನದು ದೊಡ್ಡವರ ಕೈಗೆ ಸಾಲುವುದಿಲ್ಲ. ಕೈಯಲ್ಲಿ 27 ಮೂಳೆಗಳಿವೆ, ಏಟು ಓರೆಯಾಗಿ ಬಿದ್ದರೆ ಮೊದಲು ಮುರಿಯುವುದು ಕಿರುಬೆರಳಿನ ಗೆಣ್ಣಿನ ಹಿಂದಿನ ಮೂಳೆ. ಡಾಕ್ಟರುಗಳು ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ. ಗ್ಲೌಸ್ ಹಾಕಿ ಮುಷ್ಟಿ ಕಟ್ಟಿ: ಬೆರಳ ತುದಿ ಗ್ಲೌಸಿನ ಒಳತುದಿಗೆ ಲಘುವಾಗಿ ತಾಗಬೇಕು, ಮುಷ್ಟಿ ಪೂರ್ತಿ ಮುಚ್ಚಬೇಕು. ಇನ್ನೊಬ್ಬರು ಗೆಣ್ಣಿನ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಲಿ. ನಿಮ್ಮ ಮೂಳೆ ಅವರ ಬೆರಳಿಗೆ ಸಿಕ್ಕರೆ ಆ ಗ್ಲೌಸ್ ಅಂಗಡಿಯಲ್ಲೇ ಇರಲಿ. ಹೆಬ್ಬೆರಳ ಭಾಗವನ್ನು ಪಕ್ಕಕ್ಕೆ ಸೇರಿಸಿ ಹೊಲಿದಿರಬೇಕು, ಬಿಡಿಯಾಗಿದ್ದರೆ ಎದುರಿನವರ ಕಣ್ಣಿಗೆ ಹೋಗುತ್ತದೆ. ಲೇಸ್ ಕಟ್ಟುವುದು ಮಣಿಕಟ್ಟಿಗೆ ಭದ್ರ ನಿಜ, ಆದರೆ ಪ್ರತಿ ಸಲ ಕಟ್ಟಲು ಒಬ್ಬರು ಬೇಕು. ವೆಲ್ಕ್ರೊ ಸಾಕು. ಪಟ್ಟಿ ಸಡಿಲವಾಗಿ ತುದಿ ಹೊರಗೆ ನಿಂತಿದ್ದರೆ ಸ್ಪಾರಿಂಗಿಗೆ ಮುಂಚೆ ಮೇಲೊಂದು ಟೇಪ್ ಸುತ್ತಿ, ಇಲ್ಲದಿದ್ದರೆ ಕೆನ್ನೆ ಗೀರುತ್ತದೆ.

ಚರ್ಮವೋ ರೆಕ್ಸಿನ್ನೋ? ಮೊದಲ ಜೊತೆ ರೆಕ್ಸಿನ್ ಸಾಕು. ಮೀರತ್, ಜಲಂಧರ್ ಕಡೆ ತಯಾರಾದ ಮಾಲಿನಲ್ಲಿ ಎರಡೂ ಸಿಗುತ್ತವೆ. ಚರ್ಮ ಬಾಳಿಕೆ ಬರುತ್ತದೆ. ರೆಕ್ಸಿನ್ ಬಿರಿದು ಸಿಪ್ಪೆ ಏಳತೊಡಗಿದರೆ ಸ್ಪಾರಿಂಗಿನಿಂದ ತೆಗೆದಿಡಿ, ಆ ಅಂಚು ಮುಖಕ್ಕೆ ಬ್ಲೇಡ್. ಎರಡಕ್ಕೂ ದೊಡ್ಡ ಶತ್ರು ಸ್ಕೂಟಿಯ ಸೀಟಿನಡಿಯ ಡಿಕ್ಕಿ. ಏಪ್ರಿಲ್ ಬಿಸಿಲಿನಲ್ಲಿ ಒದ್ದೆ ಗ್ಲೌಸ್ ಅದರೊಳಗೆ ಒಂದು ಮಧ್ಯಾಹ್ನ ಬೆಂದರೆ ಆಮೇಲೆ ಯಾರೂ ನಿಮ್ಮ ಹತ್ತಿರ ನಿಲ್ಲುವುದಿಲ್ಲ. ಒಳಗೆ ನ್ಯೂಸ್‌ಪೇಪರ್ ಉಂಡೆ ತುರುಕಿ ಫ್ಯಾನ್ ಕೆಳಗೆ ಇಡಿ, ನೇರ ಬಿಸಿಲು ಬೇಡ. ಗಜಕರ್ಣ ಹರಡುವುದಕ್ಕೂ ಎಲ್ಲರೂ ಹಾಕುವ ಒಂದೇ ಒದ್ದೆ ಗ್ಲೌಸ್ ಸಾಕು, ಬ್ಯಾಂಡೇಜನ್ನಾದರೂ ಯಾರೊಂದಿಗೂ ಹಂಚಿಕೊಳ್ಳಬೇಡಿ.

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು ಅಂತಲೂ ಕೇಳುತ್ತಾರೆ. ಬ್ಯಾಂಡೇಜ್, ಆಮೇಲೆ ಬ್ಯಾಗ್ ಗ್ಲೌಸ್, ಆಮೇಲೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲ್ಲಿಗೆ ಕಚ್ಚಿ ಕೂರಿಸುವ ಮೌತ್‌ಗಾರ್ಡ್. 16 ಔನ್ಸ್ ಕೊನೆಗೆ. ಅದನ್ನೂ ನಾಲ್ಕು ಜನ ಸೇರಿ ಎರಡು ಜೊತೆ ಕೊಂಡು ಸರದಿಯಲ್ಲಿ ಹಾಕಬಹುದು, ಬ್ಯಾಂಡೇಜ್ ಅವರವರದಾಗಿದ್ದು ಪ್ರತಿ ಸಲ ಒಳಗೆ ಒರೆಸಿ ಒಣಗಿಸುವುದಾದರೆ. ಸಣ್ಣ ಮಕ್ಕಳಿಗೆ 6, 8 ಔನ್ಸಿನವು, ಕಲಿಸುವವರು ಕೈಯಲ್ಲಿ ಹಿಡಿಯುವ ಪ್ಯಾಡಿಗೆ ಹೊಡೆಯಲು ಇವೆ. ಮಗ ಬೆಳೀತಾನೆ ಅಂತ ಎರಡು ಸೈಜ್ ದೊಡ್ಡದು ತರಬೇಡಿ, ಒಳಗೆ ಕೈ ಜಾರಿ ಮಣಿಕಟ್ಟು ಹೊರಳುತ್ತದೆ. ತಲೆಗೆ ಹೊಡೆಯುವ ಸ್ಪಾರಿಂಗ್ ಆ ವಯಸ್ಸಿಗೆ ನಾನಂತೂ ಬೇಡ ಅನ್ನುತ್ತೇನೆ, ಅಪ್ಪ ಎಷ್ಟೇ ಒತ್ತಾಯ ಮಾಡಿದರೂ.